ಎರಡಕ್ಕೂ ಮೂರಕ್ಕೂ ನಡುವೆ

"ಈ ಲೋಡು ದಿಬ್ಬ ಹತ್ಲಿಲ್ಲ ಅಂದ್ರೆ ನಾಳೆಯಿಂದ ನಾನು ಬರಾಕಿಲ್ಲ ಜಹೀರ. ಬೇರೆ ಡ್ರೈವರ್ ನೋಡ್ಕೊ."

ಓಬಳಯ್ಯನ ಮಾತಿನಲ್ಲಿ ಸಿಟ್ಟಿರಲಿಲ್ಲ. ಇನ್ನೊಂದು ಮುದ್ದೆ ಬೇಡ ಎನ್ನುವವನ ಹಾಗೆ ಹೇಳಿದ.

ಎಂಬತ್ತಮೂರನೇ ಇಸವಿ. ಕುಣಿಗಲ್‌ನಿಂದ ತುಮಕೂರಿಗೆ ಬರುವ ದಾರಿಯಲ್ಲಿ ಗುಬ್ಬಿಯ ಪುಟ್ಟರಂಗಯ್ಯನ ಲಾರಿ ಹೆಂಚು ತುಂಬಿಕೊಂಡು ದಿಬ್ಬದ ಕೆಳಗೆ ಕೆಟ್ಟು ನಿಂತಿತ್ತು. ಕೆಟ್ಟ ಗಾಡಿಗಳಿಗೆ ಸರಪಳಿ ಕಟ್ಟಿ ಎಳೆದು ತರುವುದು ಬಟವಾಡಿಯ ಜಹೀರ್ ಅಹಮದನ ಕಸುಬು. ಎಳೆಯುವ ಲಾರಿ ಅವನ ತಂದೆಯದು. ತಂದೆ ತೀರಿಕೊಂಡ ಮೇಲೂ ಅದನ್ನು ಓಡಿಸುತ್ತಿದ್ದವನು ಓಬಳಯ್ಯನೇ. ಇಪ್ಪತ್ತೆರಡು ವರ್ಷ. ಜಹೀರನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ್ದೂ ಅವನೇ.

ಮೂರು ವಾರದ ಹಿಂದೆ ಜಹೀರ ನಾಲ್ಕು ಗೇರಿನ ಹಳೇ ಬಾಕ್ಸ್ ಇಳಿಸಿ, ಐದು ಗೇರಿನದನ್ನು ಕೂರಿಸಿದ್ದ. ಹಳೆಯದರಲ್ಲಿ ಎರಡಕ್ಕೂ ಮೂರಕ್ಕೂ ನಡುವೆ ದೊಡ್ಡ ಅಂತರ. ಏರಿನಲ್ಲಿ ಎರಡರಲ್ಲೇ ಇದ್ದರೆ ಇಂಜಿನ್ ಅರಚಿ ಕಾಯುತ್ತಿತ್ತು. ಮೂರಕ್ಕೆ ಹಾಕಿದರೆ ಎಳೆಯಲಾರದೆ ನಿಲ್ಲುತ್ತಿತ್ತು. ನಡುವೆ ಇನ್ನೊಂದು ಗೇರು ಸಿಕ್ಕರೆ ಅದೇ ಇಂಜಿನ್ ಹಗುರವಾಗಿ ಎಳೆಯುತ್ತದೆ ಎಂಬುದು ಅವನ ಲೆಕ್ಕ.

"ಐದು ಅಂತೀಯ, ನಂಗೆ ನಾಲ್ಕೇ ಸಿಗ್ತಾವೆ," ಎಂದು ಓಬಳಯ್ಯ ಆಗಲೇ ರೇಗಿಸಿದ್ದ. "ಇನ್ನೊಂದನ್ನ ನಿನ್ ಮದ್ವೇಗೆ ಎತ್ತಿಟ್ಕೊಂಡಿದೀಯೇನ್ಲಾ?"

ಮುನಿಸಿನ ಮಾತೆಂದು ಜಹೀರ ನಕ್ಕು ಸುಮ್ಮನಾಗಿದ್ದ. ಆ ಮೂರು ವಾರ ಎಳೆಯಲು ಸಿಕ್ಕಿದ್ದೆಲ್ಲ ಹಗುರದ ಕಾರು, ಖಾಲಿ ಟೆಂಪೋಗಳೇ.

ಈಗ ಅವನು ಹಿಂದೆ ಕಟ್ಟಿದ್ದ ಹೆಂಚಿನ ಲಾರಿಯ ಸ್ಟೇರಿಂಗ್ ಹಿಡಿದು ಕೂತ. ಸರಪಳಿ ಬಿಗಿಯಾಯಿತು. ಮುಂದಿನ ಲಾರಿ ನಡುಗಿ, ಎರಡು ಮೊಳ ಎಳೆದು, ಸತ್ತಿತು. ಮತ್ತೊಮ್ಮೆಯೂ ಅಷ್ಟೇ. ಕ್ಲಚ್ ಸುಟ್ಟ ವಾಸನೆ ಹಿಂದಿನವರೆಗೂ ಬಂತು.

"ಐದು ಗೇರು ಹಾಕ್ಸಿ ಏನ್ ಬಂತು ಸಾಬ್ರೆ, ನಾಲ್ಕು ಎತ್ತು ಕಟ್ಟಿದ್ರೆ ಆಗೋದು," ಎಂದ ಪುಟ್ಟರಂಗಯ್ಯ.

ಜಹೀರ ಇಳಿದು ಹೋಗಿ ಮುಂದಿನ ಲಾರಿಯ ಬಾಗಿಲ ಬಳಿ ನಿಂತ. ಓಬಳಯ್ಯ ಕ್ಲಚ್ ಒತ್ತಿ, ಗೇರಿನ ಕೋಲನ್ನು ಮುಂದಕ್ಕೆ ತಳ್ಳಿದ. ಹಳೇ ಬಾಕ್ಸಿನಲ್ಲಿ ಮೊದಲನೆಯದು ಇದ್ದದ್ದು ಅಲ್ಲೇ. ಹೊಸದರಲ್ಲಿ ಆ ಜಾಗ ಎರಡನೆಯದರದು. ಮೊದಲನೆಯದಕ್ಕೆ ಕೋಲನ್ನು ಇನ್ನಷ್ಟು ಆಚೆ ಒತ್ತಿ ಹಿಂದಕ್ಕೆ ಎಳೆಯಬೇಕು. ಜಹೀರ ಮೊದಲ ದಿನವೇ ತೋರಿಸಿದ್ದ. ಓಬಳಯ್ಯ ತಲೆಯಾಡಿಸಿದ್ದ. ಕೈ ಮಾತ್ರ ಕೇಳಿಸಿಕೊಂಡಿರಲಿಲ್ಲ.

ಹೇಳಿದರೆ ಅವಮಾನವಾಗಿ ಅವನು ಕೆಲಸ ಬಿಟ್ಟು ಹೋಗಬಹುದು, ಹೇಳದಿದ್ದರೂ ಹೋಗುತ್ತಾನೆ.

"ಪುಟ್ಟರಂಗಯ್ಯನೋರೇ, ಹಿಂದಿನ ಚಕ್ರಕ್ಕೆ ಕಲ್ಲು ಸರಿಯಾಗಿ ಕೊಟ್ಟಿದೀರಾ, ನೋಡಿ," ಎಂದ. ಅವನು ಆ ಕಡೆ ಹೋದ ಮೇಲೆ ತಗ್ಗಿದ ದನಿಯಲ್ಲಿ, "ಅಣ್ಣ, ಅದು ಎರಡನೇದು," ಎಂದ.

ಓಬಳಯ್ಯ ತನ್ನ ಕೈಯನ್ನೇ ನೋಡಿದ.

"ಮೂರು ವಾರದಿಂದ್ಲೂವಾ?"

"ಹೂಂ."

"ಬಾಯಲ್ಲಿ ಏನ್ ಇಟ್ಕೊಂಡಿದ್ದೆ?"

"ನಂಗೂ ಗೊತ್ತಾಗ್ಲಿಲ್ಲ. ಎರಡರಲ್ಲಿ ಎತ್ತಿದ್ರೂ ಗಾಡಿ ಒಂದ್ ಸಲಾನೂ ಬಿಕ್ಕಲಿಲ್ಲ. ಬೇರೆಯೋರಾಗಿದ್ರೆ ಮೊದಲ್ನೇ ದಿನವೇ ಸಿಕ್ಕಾಕ್ಕೊಳ್ತಿದ್ರು."

ಓಬಳಯ್ಯ ಕೋಲನ್ನು ಗೇರಿನಿಂದ ಬಿಡಿಸಿದ. "ಹೋಗು. ಹಿಂದೆ ಕೂತ್ಕೊ."

ಈ ಸಲ ಸರಪಳಿ ಬಿಗಿದದ್ದೂ ತಿಳಿಯಲಿಲ್ಲ. ಹೆಂಚಿನ ಲಾರಿ ತಾನಾಗಿ ಹೊರಟಂತೆ ಉರುಳಿತು. ಜಹೀರ ಸದ್ದಿನಲ್ಲೇ ಎಣಿಸಿದ: ಒಂದು, ಎರಡು. ದಿಬ್ಬದ ಅರ್ಧದಲ್ಲಿ ಇಂಜಿನ್ ಅರಚತೊಡಗಿದಾಗ ಒಂದು ಗಳಿಗೆ ಮೌನ. ಕೈ ಹುಡುಕುತ್ತಿದೆ ಎಂದುಕೊಂಡ. ಆಮೇಲೆ ಮೂರು, ಗುಂಯ್ ಎಂದು, ಸಮಾಧಾನವಾಗಿ.

ದಿಬ್ಬದ ತುದಿಯಲ್ಲಿ ಓಬಳಯ್ಯ ಲಾರಿ ನಿಲ್ಲಿಸಿದ. ಜಹೀರ ಇಳಿದು ಬಂದ. ಓಬಳಯ್ಯ ಗೇರಿನ ಕೋಲನ್ನು ಆಚೆ ಒತ್ತಿ ಹಿಂದಕ್ಕೆಳೆದು, ಬಿಟ್ಟು, ಮತ್ತೆ ಒತ್ತುತ್ತಿದ್ದ.

"ನಾಳೆ ಬೆಳಿಗ್ಗೆ ಗಾಡಿ ನಂಗೆ ಬೇಕು. ಶೆಟ್ಟಿಹಳ್ಳಿ ಕಡೆ ಒಂದ್ ನಾಲ್ಕು ಸುತ್ತು ಹಾಕ್ಬೇಕು."

"ನಾನೂ ಬರ್ತೀನಿ."

"ಬೇಡ," ಎಂದ ಓಬಳಯ್ಯ. "ನೀನು ನೋಡ್ತಿದ್ರೆ ಕೈ ಕಲಿಯಾಕಿಲ್ಲ."