ವರದತ್ತೆಯ ಸಿಂಬೆ

ಸೋಮವಾರ ಭೌತಶಾಸ್ತ್ರದ ಪರೀಕ್ಷೆ. ಇವತ್ತು ಶುಕ್ರವಾರ. ನಡುವಿನ ಎರಡು ದಿನವೂ ಭವ್ಯಾ ಸುಮ್ಮನೆ ಮಲಗಿರಬೇಕು. ಮಲಗಿಕೊಂಡೇ ಪಿಯುಸಿ ಪಾಸು ಮಾಡುವವಳು ಇವಳೊಬ್ಬಳೇ ಎಂದು ಮಾಸ್ತಿಕಟ್ಟೆಯ ಬಸ್‌ಸ್ಟ್ಯಾಂಡಿನಲ್ಲಿ ಆಡಿಕೊಳ್ಳುವವರು ಆಡಿಕೊಳ್ಳಲಿ. ಅವರಿಗೇನು ಗೊತ್ತು ಮಣ್ಣು.

ಹೋದ ವರ್ಷ ಬಂದ ಜ್ವರ ಹನ್ನೊಂದು ದಿನಕ್ಕೆ ಬಿಟ್ಟಿತು, ಸುಸ್ತು ಬಿಡಲಿಲ್ಲ. ತಲೆ ಬಾಚಿಕೊಂಡರೆ ಕೈ ಸೋಲುತ್ತಿತ್ತು. ಪುಟದ ಕೊನೆಗೆ ಬರುವಷ್ಟರಲ್ಲಿ ಮೊದಲ ಸಾಲು ಮರೆತಿರುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಎಲ್ಲ ಸರಿಯಿತ್ತು, ಅದೇ ಅವಳ ಗ್ರಹಚಾರ. ಎಲ್ಲ ಸರಿಯಿದ್ದ ಮೇಲೆ ಇವಳಿಗೇನು ಧಾಡಿ ಎಂದರು ಜನ. ಕೊನೆಗೆ ಘಟ್ಟದ ಕೆಳಗಿನ ಒಬ್ಬ ಡಾಕ್ಟರಮ್ಮ ಅದಕ್ಕೊಂದು ಹೆಸರು ಹೇಳಿದರು, ಕ್ರಾನಿಕ್ ಫಟೀಗ್ ಸಿಂಡ್ರೋಮ್. ಇದಕ್ಕೆ ಮದ್ದಿಲ್ಲ ಮಗಳೇ, ಮಿತಿಯಿದೆ ಎಂದರು. ಇಪ್ಪತ್ತು ನಿಮಿಷ ಓದು, ನಲವತ್ತು ನಿಮಿಷ ಕಣ್ಣು ಮುಚ್ಚಿ ಮಲಗು. ಮಿತಿ ಮೀರಿದರೆ ಅವತ್ತು ಏನೂ ಆಗುವುದಿಲ್ಲ, ಮಾರನೇ ದಿನ ಮೈ ಕುಸಿದು ಬೀಳುತ್ತದೆ, ಆಮೇಲೆ ವಾರಗಟ್ಟಲೆ ಏಳಲಾಗುವುದಿಲ್ಲ.

ಇಡೀ ವರ್ಷ ಅವಳು ಹಾಗೇ ಬದುಕಿದಳು. ಮೊಬೈಲು ಬಡಿದುಕೊಂಡಾಗ ಓದು, ಮತ್ತೆ ಬಡಿದುಕೊಂಡಾಗ ಮಲಗು. ಆರು ವಿಷಯ ಒಟ್ಟಿಗೆ ಆಗದೆಂದು ಮೂರು ಈ ಪರೀಕ್ಷೆಯ ಸುತ್ತಿಗೆ, ಮೂರು ಮುಂದಿನ ಸುತ್ತಿಗೆ ಎಂದು ಇಟ್ಟುಕೊಂಡಿದ್ದಳು. ಎರಡು ಬರೆದಾಗಿತ್ತು. ಸೋಮವಾರದ್ದು ತಪ್ಪಿದರೆ ಮುಂದಿನ ಸುತ್ತಿಗೆ ನಾಲ್ಕು. ನಾಲ್ಕು ಅವಳ ಮೈಗೆ ಆಗದು. ಫೇಲಾದರೆ ಕಾಲೇಜು ಸಾಕು ಎಂದು ಅಪ್ಪ ಪುಟ್ಟಪ್ಪ ಹೇಳಿಬಿಟ್ಟಿದ್ದ.

ಅವಳು ಮಲಗುತ್ತಿದ್ದದ್ದು ಒಳಕೋಣೆಯ ಮೂಲೆಯಲ್ಲಿ. ನಲವತ್ತು ವರ್ಷದ ಹಿಂದೆ ಅದೇ ಮೂಲೆಯಲ್ಲಿ ವರದತ್ತೆ ಮಲಗುತ್ತಿದ್ದಳಂತೆ. ಪುಟ್ಟಪ್ಪನ ಅಕ್ಕ, ಹದಿನೇಳಕ್ಕೆ ಹಾವು ಕಡಿದು ಸತ್ತವಳು. ಮನೆಯಲ್ಲಿ ಅವಳದೊಂದು ಫೋಟೊ ಇಲ್ಲ, ಮಾತಿಲ್ಲ. ಹಿರಿಯರ ಹಬ್ಬದಲ್ಲಿ ಮಾತ್ರ ಅಟ್ಟದಿಂದ ಅವಳ ಬುಟ್ಟಿ ಇಳಿಯುತ್ತದೆ. ಸತ್ತವರಿಗೆ ಎಡೆ ಇಡುವಾಗ ಅವರು ಬಳಸುತ್ತಿದ್ದ ಸಾಮಾನನ್ನೂ ಎಲೆಯ ಪಕ್ಕ ಇಡುವುದು ಆ ಮನೆಯ ಪದ್ಧತಿ. ವರದತ್ತೆಯ ಎಲೆಯ ಪಕ್ಕ ಹೊಸ ಸೀರೆ, ಬಳೆ, ಸೊಪ್ಪು ಕಡಿಯುವ ಕತ್ತಿ, ಹೊರೆ ಹೊರುವಾಗ ತಲೆಗಿಡುವ ಬಟ್ಟೆಯ ಸಿಂಬೆ.

ಆ ಬುಟ್ಟಿ ಭವ್ಯಾಳ ತಲೆಯ ನೇರಕ್ಕೇ ಅಟ್ಟದ ಮೇಲಿತ್ತು. ಮಧ್ಯಾಹ್ನ ಮನೆ ಸದ್ದಡಗಿದಾಗ ಅಟ್ಟ ಕಿರ್ರೆನ್ನುತ್ತಿತ್ತು, ಯಾರೋ ಮಗ್ಗುಲು ಬದಲಿಸಿದ ಹಾಗೆ. ಅವಳಿಗೆ ಹೆದರಿಕೆಯಾಗುತ್ತಿತ್ತು, ಎದ್ದು ಹೋಗಲು ತ್ರಾಣ ಇರುತ್ತಿರಲಿಲ್ಲ. ಬೆಳಕು ಕುಕ್ಕುತ್ತದೆಂದು ಕಣ್ಣ ಮೇಲೆ ಕೈ ಅಡ್ಡ ಇಟ್ಟುಕೊಂಡರೆ ಬಾಗಿಲಿಗೆ ಬಂದ ಅಜ್ಜಿ ಕೆರಿಯಮ್ಮ ಅಲ್ಲೇ ನಿಂತುಬಿಡುತ್ತಿದ್ದಳು. ಒಂದು ದಿನ ಅಂದೇಬಿಟ್ಟಳು, "ಅವ್ಳೂ ಹಿಂಗೇ ಮಲಗ್ತಿದ್ಲು."

ಅಷ್ಟು ಸಾಕಾಯಿತು. ಹಿಡಿದಿರುವುದು ವರದಾಳೇ ಎಂದು ಅಜ್ಜಿ ತೀರ್ಮಾನಿಸಿದಳು. ಇಕ್ಕೇರಿಯ ಆಚೆ ಹಿಡಿದದ್ದನ್ನು ಬಿಡಿಸುವ ಒಬ್ಬ ನೋಡುವವನಿದ್ದಾನೆ, ಶುಕ್ರವಾರವೇ ಆಗಬೇಕಂತೆ, ಸತ್ತವಳ ಸಾಮಾನು ತರಬೇಕಂತೆ. ಬೆಳಿಗ್ಗೆ ಎಂಟಕ್ಕೆ ಬೆಳ್ಳಪ್ಪನ ಜೀಪು ಅಂಗಳದಲ್ಲಿತ್ತು. ಅಮ್ಮ ಸುಚಿತ್ರಾ ಬೇಡವೆಂದು ಹೇಳಿಯೇ ಅಂಗನವಾಡಿಗೆ ಹೋಗಿದ್ದಳು. ಅವಳ ಮಾತು ಆ ಮನೆಯಲ್ಲಿ ಯಾವತ್ತು ನಡೆದಿದೆ?

"ಅಪ್ಪಾ, ಇವತ್ತು ಜೀಪಲ್ಲಿ ಕೂತ್ರೆ ಸೋಮವಾರ ನಾನು ಏಳಲ್ಲ," ಎಂದಳು ಭವ್ಯಾ.

"ಪರೀಕ್ಷೆಗೋಸ್ಕರಾನೇ ಅಲ್ವಾ ಮಗಾ ಇದು. ಅಕ್ಕ ಬಿಟ್ಟೋದ್ರೆ ನೀನು ಓಡಾಡ್ಕಂಡು ಬರೀತೀಯ. ಸಂಜೆಗೆ ವಾಪಸ್ ಬಂದ್ಬಿಡಾಣ."

ಪುಟ್ಟಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಅಜ್ಜಿ ಬುಟ್ಟಿ ಇಳಿಸಿ ಚಾಪೆಯ ಪಕ್ಕ ಇಟ್ಟಳು. ಭವ್ಯಾ ಕಣ್ಣ ಮೇಲೆ ಕೈ ಇಟ್ಟುಕೊಂಡಳು. ಅಳುವುದಕ್ಕೂ ಶಕ್ತಿ ಬೇಕು, ಅದೂ ಇರಲಿಲ್ಲ. ಅಜ್ಜಿ ಕುಕ್ಕರಗಾಲಲ್ಲಿ ಕೂತು ಅವಳ ಮುಖ ನೋಡಿದಳು. ಮೊಮ್ಮಗಳ ಮುಖ ನೋಡುವ ಹಾಗೆ ನೋಡಲಿಲ್ಲ.

"ಎಂತ ಬೇಕೆ ನಿಂಗೆ? ವರ್ಷಾ ವರ್ಷಾ ಸೀರೆ ಇಟ್ಟೆ, ಬಳೆ ಇಟ್ಟೆ. ಇನ್ನೂ ಎಂತ ಬೇಕು?"

ಹೊರಗೆ ಜೀಪು ಗುರುಗುಡುತ್ತಿತ್ತು. ಹೌದು, ಆಡಿಬಿಡೋಣ, ವರದತ್ತೆಯ ಹಾಗೇ ಆಡಿಬಿಡೋಣ ಎಂದುಕೊಂಡಳು ಭವ್ಯಾ. ಪರೀಕ್ಷೆ ಉಳಿದರೆ ಸಾಕು.

"ಸಿಂಬೆ ತೆಗಿ," ಎಂದಳು. "ಕೂಗಿ ಕರೆದು ಉಣ್ಣಾಕೆ ಬಡಿಸ್ತೀ, ಪಕ್ಕದಲ್ಲೇ ಸಿಂಬೆ ಇಡ್ತೀ. ಉಂಡು ಮತ್ತೆ ಹೊರೆ ಹೊರ್ಬೇಕಾ? ನನ್ ಕೈಲಾಗಲ್ಲ. ನೀನು ಕಸ ಗುಡಿಸೋ ಬರಲು ತಗಂಡು ಹೊಡೆದ್ರೂ ನನ್ ಕೈಲಾಗಲ್ಲ."

ಕೆರಿಯಮ್ಮ ಹಿಂದಕ್ಕೆ ಕುಸಿದು ಗೋಡೆಗೆ ಒರಗಿದಳು. ಆಮೇಲೆ ಬಾಗಿಲಲ್ಲಿದ್ದ ಮಗನಿಗೆ ಹೇಳಿದಳು.

"ಹಾವು ಕಡೀಲಿಲ್ಲ ಪುಟ್ಟಾ. ಅವತ್ತೂ ಕೈಲಾಗಲ್ಲ ಅಂದ್ಲು. ಜ್ವರ ಬಿಟ್ಟು ವರ್ಷ ಆಗಿತ್ತು, ಇನ್ನೂ ಮಲಗಿದ್ಲು. ಮೈಗಳ್ಳಿ ಅಂತ ಬರಲು ತಗಂಡು ಎಬ್ಸಿದೆ. ಸೊಪ್ಪಿನ ಹೊರೆ ನಾನೇ ಎತ್ತಿ ತಲೆ ಮೇಲಿಟ್ಟೆ. ಗುಡ್ಡ ಇಳೀತಾ ಕಾಲು ನಿಲ್ಲಲಿಲ್ಲ ಅವ್ಳಿಗೆ. ಕಲ್ಲಿಗೆ ಬಿದ್ಲು."

ಆಗ ಪುಟ್ಟಪ್ಪನಿಗೆ ನಾಲ್ಕು ವರ್ಷ. ಈಗ ನಲವತ್ತೈದು. ಅವನು ಹೊಸ್ತಿಲ ಮೇಲೆ ಕೂತುಬಿಟ್ಟ.

ಅಜ್ಜಿ ಸಿಂಬೆಯನ್ನು ಕೈಗೆತ್ತಿಕೊಂಡು ಗಂಟು ಬಿಚ್ಚಿದಳು. ನಲವತ್ತು ವರ್ಷ ಸುತ್ತಿಕೊಂಡಿದ್ದ ಬಟ್ಟೆ, ವರದಾಳದೇ ಹಳೇ ಸೀರೆಯ ತುಂಡು, ಸುಲಭಕ್ಕೆ ಬಿಡಿಸಿಕೊಳ್ಳಲಿಲ್ಲ. ಹಲ್ಲಿನಿಂದ ಎಳೆದು ಬಿಚ್ಚಿದಳು. ಮಡಚಿ ಮೆತ್ತಗೆ ಮಾಡಿ, ಭವ್ಯಾಳ ತಲೆಯನ್ನು ಎತ್ತಿ ಕೆಳಗಿಟ್ಟಳು.

"ಮಲಕ್ಕ ಮಗಾ," ಎಂದಳು. "ಯಾರು ಎಬ್ಬಿಸ್ತಾರೆ ನೋಡ್ತೀನಿ. ಪುಟ್ಟಾ, ಬೆಳ್ಳಪ್ಪಂಗೆ ಹೋಗು ಅನ್ನು."

ಸೋಮವಾರ ಭವ್ಯಾ ಹೊಸನಗರಕ್ಕೆ ಹೋಗಿ ಬರೆದಳು. ಕೊನೆಯ ಎರಡು ಪ್ರಶ್ನೆಗೆ ಕೈ ಏಳಲಿಲ್ಲ, ಆದರೂ ಪಾಸಿಗೆ ಮೋಸವಿಲ್ಲ ಅನ್ನಿಸಿತು. ಬಂದವಳು ಚಾಪೆಗೆ ಬಿದ್ದಳು. ಅಜ್ಜಿ ಕೋಣೆಯ ಬಾಗಿಲಲ್ಲೇ ಕೂತಿದ್ದಳು, ನೆಂಟರು ಬಂದರೂ ಒಳಗೆ ಬಿಡಲಿಲ್ಲ.

"ನಾಟಕ ತಾನೇ ಆಡಿದ್ದು?" ಎಂದು ಅಮ್ಮ ಪಿಸುಗುಟ್ಟಿದಳು, ಗಂಜಿ ಕುಡಿಸುತ್ತ.

"ಹೂಂ," ಎಂದಳು ಭವ್ಯಾ.

ಅಮ್ಮ ನಕ್ಕು ಎದ್ದು ಹೋದಳು. ಸಿಂಬೆಯ ಮಾತು ಭವ್ಯಾ ಯೋಚಿಸಿಯೇ ಆಡಿದ್ದು, ಅದು ನಿಜ. ಬರಲಿನ ಸಂಗತಿ ಅವಳಿಗೆ ಯಾರೂ ಹೇಳಿರಲಿಲ್ಲ. ಆ ಮಾತು ಬಾಯಿಗೆ ಎಲ್ಲಿಂದ ಬಂತೆಂದು ಮೂರು ದಿನದಿಂದ ಯೋಚಿಸುತ್ತಿದ್ದಾಳೆ, ಗೊತ್ತಾಗಿಲ್ಲ. ಅಟ್ಟ ಈಗ ಸದ್ದು ಮಾಡುವುದಿಲ್ಲ.

ಕಣ್ಣ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಗೋಡೆಯ ಕಡೆಗೆ ಸ್ವಲ್ಪ ಸರಿದು, ಚಾಪೆಯಲ್ಲಿ ಇನ್ನೊಬ್ಬರಿಗೆ ಮಲಗುವಷ್ಟು ಜಾಗ ಬಿಟ್ಟಳು.