ಬಿಳಿ ಗೆರೆಯ ಕಲ್ಲುಗಳು

ನಮ್ಮೂರ ಹೊಳೆಯ ಕಲ್ಲು ಕರಿಯದು, ನುಣುಪು. ನಡುವೆ ಒಂದು ಬಿಳಿ ಗೆರೆ ಓಡಿರುತ್ತದೆ, ಕರಿ ಮೈಗೆ ಜನಿವಾರ ಹಾಕಿದಂತೆ. ಅಂಥ ಕಲ್ಲನ್ನು ನಮ್ಮೂರು ಬಿಟ್ಟು ನಾನು ಕಂಡದ್ದು ಒಂದೇ ಕಡೆ. ಅದನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಗಿಟ್ಲಮ್ಮ ನಮ್ಮೂರ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದರು. ಹುಟ್ಟುಹೆಸರು ಗಿಟೆಲ್; ಊರಿನವರು ಅದಕ್ಕೊಂದು 'ಅಮ್ಮ' ಸೇರಿಸಿ ತಮ್ಮವರನ್ನಾಗಿ ಮಾಡಿಕೊಂಡಿದ್ದರು. ಎರಡನೇ ಮಹಾಯುದ್ಧಕ್ಕೆ ಸ್ವಲ್ಪ ಮೊದಲು, ಹದಿನಾರರ ವಯಸ್ಸಿನಲ್ಲಿ, ಕಡಲಾಚೆಯ ತಮ್ಮೂರಿನಿಂದ ಚಿಕ್ಕಪ್ಪನ ಜೊತೆ ಹಡಗು ಹತ್ತಿ ಬಂದವರು. ಅಪ್ಪ, ಅಮ್ಮ, ತಾತ, ಇಬ್ಬರು ತಮ್ಮಂದಿರು, ಅಕ್ಕ ಪೆಸ್ಯಾ, ಆಮೇಲೆ ಅವಳಿಗೆ ಹುಟ್ಟಿದ ಕೂಸು, ಈ ಏಳು ಜನ ಅಲ್ಲೇ ಉಳಿದರು. ಯುದ್ಧದ ಒಂದು ಬೆಳಿಗ್ಗೆ ಆ ಊರಿನ ಯೆಹೂದಿಗಳನ್ನೆಲ್ಲ ಕಾಡಿನ ಹಳ್ಳದ ಅಂಚಿಗೆ ನಡೆಸಿಕೊಂಡು ಹೋಗಿ ಕೊಂದರು. ಯಾರಿಗೂ ಗೋರಿಯಿಲ್ಲ. ಎಷ್ಟೋ ವರ್ಷಗಳ ಮೇಲೆ ಅಲ್ಲೊಂದು ಕಲ್ಲುಚಪ್ಪಡಿ ಹಾಸಿದರಂತೆ.

ಗಿಟ್ಲಮ್ಮನ ಜನ ಸತ್ತವರ ಮೇಲೆ ಹೂವಿಡುವುದಿಲ್ಲ, ಒಂದು ಕಲ್ಲಿಡುತ್ತಾರೆ. 'ಯಾರೋ ಬಂದಿದ್ದರು, ಮರೆತಿಲ್ಲ' ಎಂದು ಅದರ ಅರ್ಥ. ಆ ದೇಶಕ್ಕೆ ಹೋಗುವವರು ಯಾರು ಸಿಕ್ಕರೂ ಅವರು ಹೊಳೆಯ ಕಲ್ಲೊಂದನ್ನು ಬಟ್ಟೆಯಲ್ಲಿ ಹೊಲಿದು ಕೈಗಿಟ್ಟು ಬೇಡಿಕೊಳ್ಳುತ್ತಿದ್ದರು. ಹಾಗೆ ಆರು ಜನರ ಹೆಸರಿನಲ್ಲಿ ಆರು ಕಲ್ಲು ಹೋದವು. ಉಳಿದದ್ದು ಪೆಸ್ಯಾಳದು.

"ಇದನ್ನ ಯಾರ ಕೈಗೂ ಕೊಡಲ್ಲ ಕಣೇ. ನಾನೇ ಹೋಗಿ ಇಡ್ಬೇಕು. ಏಳೂ ಜನ ಒಟ್ಟಿಗಿರೋದನ್ನ ಒಂದು ಸಲ ಕಣ್ತುಂಬ ನೋಡ್ಬೇಕು" ಎನ್ನುತ್ತಿದ್ದರು. ಎಪ್ಪತ್ತು ದಾಟಿದ ಮೇಲೆ ಹೊರಟೇಬಿಟ್ಟರು. ಕೈ ಹಿಡಿದು ನಡೆಸಲು, ಅವರ ಬಳಿ ಹೊಲಿಗೆ ಕಲಿತಿದ್ದ ನಾನು ಹೋದೆ.

ಅಂಥ ಜಾಗಗಳಿಗೆ ನಮಿಸಿ ಬರುವವರ ಬಸ್ಸೊಂದರಲ್ಲಿ ನಾವೂ ಸೇರಿಕೊಂಡೆವು. ಆ ಊರಿನ ಪುರಸಭೆಯ ಅಧಿಕಾರಿ ಕಾಡಿನಂಚಿನಲ್ಲೇ ನಮ್ಮನ್ನು ಎದುರುಗೊಂಡ. ಒಳ್ಳೆಯ ಕೋಟು, ಒಳ್ಳೆಯ ನಗೆ. ಮೊದಲು ಹೂಮಾಲೆ, ಆಮೇಲೆ ಭಾಷಣ, ಆಮೇಲೆ ಪುರಭವನದಲ್ಲಿ ಔತಣ ಎಂದು ಏರ್ಪಾಟು.

ಚಪ್ಪಡಿ ಊಟದ ತಟ್ಟೆಯಷ್ಟು ಸ್ವಚ್ಛವಾಗಿ ಹೊಳೆಯುತ್ತಿತ್ತು. ಅದರ ಮೇಲೆ ಒಂದೇ ಒಂದು ಕಲ್ಲಿರಲಿಲ್ಲ. ಗಿಟ್ಲಮ್ಮ ಕೋಲಿನಿಂದ ಹುಲ್ಲು ಸರಿಸುತ್ತ ಸುತ್ತಲೂ ಎರಡು ಸಲ ನಡೆದರು.

"ಇಲ್ಲ ಕಣೇ. ಒಬ್ಬರೂ ಇಲ್ಲ" ಎಂದರು.

ಆಮೇಲೆ ಅಧಿಕಾರಿಯನ್ನು ತಮ್ಮ ಹುಟ್ಟೂರಿನ ಭಾಷೆಯಲ್ಲಿ ಕೇಳಿದರು. ಅವನು ಎದೆ ಸೆಟೆದು ಉತ್ತರ ಕೊಟ್ಟ. ಅವರು ನನಗೆ ಕನ್ನಡದಲ್ಲಿ ತಿಳಿಸಿದರು: "ಪ್ರತಿ ಗುರುವಾರ ಗುಡಿಸಿ ತೊಳೆಸ್ತಾರಂತೆ. ಬಂದೋರು ಕಲ್ಲು ಹಾಕಿ ಗಲೀಜು ಮಾಡಿ ಹೋಗ್ತಾರಂತೆ. ಗೌರವದ ಜಾಗ, ಸ್ವಚ್ಛವಾಗಿರ್ಬೇಕಂತೆ."

"ತೆಗೆದ ಕಲ್ಲು ಎಲ್ಲಿ ಹಾಕಿದ್ರು, ಕೇಳಿ" ಎಂದೆ. ನನ್ನ ದನಿ ಆಗಲೇ ಏರಿತ್ತು.

"ಬಸ್ಸು ನಿಲ್ಲೋ ಕಡೆ ಗುಂಡಿ ಬೀಳುತ್ತಂತೆ. ಅದಕ್ಕೆ ತುಂಬಿಸ್ತಾರಂತೆ."

ನಾನು ಓಡಿದೆ. ನಾವು ಬಂದ ಬಸ್ಸಿನ ಹಿಂಚಕ್ರದ ಕೆಳಗೇ ಒಂದು ಬಿಳಿ ಗೆರೆ ಇಣುಕುತ್ತಿತ್ತು. ಇಷ್ಟು ದೂರ ಬಂದು ನಾವೇ ಅದರ ಮೇಲೆ ನಿಂತಿದ್ದೆವು! ಬಸ್ಸಿನ ತಗಡನ್ನು ಗುದ್ದಿ ಗುದ್ದಿ ಡ್ರೈವರ್ ಗಾಡಿ ಸರಿಸುವಂತೆ ಮಾಡಿದೆ. ಮಂಡಿಯೂರಿ ಬೆರಳಿನಲ್ಲೇ ಬಗೆದೆ. ಕೆಂಪು, ಬೂದು, ಹಳದಿ, ಎಲ್ಲೆಲ್ಲಿಂದಲೋ ಯಾರ್‍ಯಾರೋ ತಂದಿಟ್ಟು ಅತ್ತು ಹೋದ ಕಲ್ಲುಗಳು ನೂರಾರಿದ್ದವು. ನಮ್ಮ ಆರೂ ಸಿಕ್ಕವು.

ಗಿಟ್ಲಮ್ಮ ಸೀರೆಯ ಸೆರಗೊಡ್ಡಿ ನಿಂತಿದ್ದರು. ಒಂದೊಂದಾಗಿ ಹಾಕಿದೆ.

"ತವರಿಗೆ ಬಂದ ಮಗಳಿಗೆ ಮಡಿಲು ತುಂಬಿ ಕಳಿಸ್ತೀರಿ ನೀವು" ಎಂದರು. "ನನ್ನ ತವರು ನೋಡು, ಏನು ತುಂಬ್ತು."

ಅಧಿಕಾರಿ ಕೈಗಡಿಯಾರ ನೋಡುತ್ತ ಏನೋ ಅಂದ. 'ಬರೀ ಕಲ್ಲು ತಾನೇ, ಊಟ ಆರಿಹೋಗುತ್ತೆ' ಎಂದನಂತೆ. ಆಗ ಗಿಟ್ಲಮ್ಮ ಅವನೆದುರು ಹೋಗಿ ನಿಂತು, ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. ಅವನ ನಗೆ ಇಳಿದುಹೋಯಿತು.

"ಏನಂದ್ರಿ?" ಎಂದು ಕೇಳಿದೆ.

"ನಾನು ಊರು ಬಿಟ್ಟ ವರ್ಷ ಇದೇ ಪುರಸಭೆ ಗೋಡೆಗೋಡೆಗೂ ಕಾಗದ ಅಂಟಿಸಿತ್ತು, ಊರು ಸ್ವಚ್ಛ ಆಗ್ಬೇಕು ಅಂತ. ಆಗ ಕಸ ಅಂದದ್ದು ನಮ್ಮನ್ನ. ಅದನ್ನ ನೆನಪು ಮಾಡ್ದೆ, ಅಷ್ಟೆ."

ಬಸ್ಸು ಔತಣಕ್ಕೆ ಹೋಯಿತು. ನಾವು ಹೋಗಲಿಲ್ಲ. ಗಿಟ್ಲಮ್ಮ ಹೂಮಾಲೆಯನ್ನು ಪಕ್ಕಕ್ಕೆ ಸರಿಸಿ, ಹೆಸರು ಹಿಡಿದು ಕರೆಯುತ್ತ ಆರು ಕಲ್ಲುಗಳನ್ನು ಸಾಲಾಗಿಟ್ಟರು. ಕೊನೆಗೆ ಚೀಲದಿಂದ ಪೆಸ್ಯಾಳನ್ನು ತೆಗೆದು ಕೂಸಿನ ಪಕ್ಕದಲ್ಲಿಟ್ಟರು. ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಎದುರಿನ ಬೆಂಚಿನಲ್ಲಿ ಕೂತರು.

"ಇವತ್ತು ಗುರುವಾರ" ಎಂದರು. "ಪೊರಕೆ ಬರ್ಲಿ, ನೋಡೋಣ."

ಬಂತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ತಲೆಗೆ ವಸ್ತ್ರ ಕಟ್ಟಿದ ಹೆಂಗಸೊಬ್ಬಳು ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಬಕೆಟ್ಟು ಹಿಡಿದು ಬಂದಳು. ಚಪ್ಪಡಿಗೆ ಅಡ್ಡವಾಗಿ ನಿಂತುಬಿಟ್ಟೆ. ಅವಳು ಪೊರಕೆ ಎತ್ತಿದ್ದರೆ ಅಂದು ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಗಿಟ್ಲಮ್ಮ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. ಒಂದೊಂದು ಕಲ್ಲನ್ನೂ ಮುಟ್ಟಿ ಅವಳಿಗೆ ಹೆಸರು ಹೇಳಿದರು. ಎಲ್ಲಕ್ಕಿಂತ ಚಿಕ್ಕ ಕಲ್ಲು ಬಂದಾಗ ಅವಳೇನೋ ಕೇಳಿದಳು.

"ಎಷ್ಟು ತಿಂಗಳಿನದು ಅಂತಾಳೆ" ಎಂದರು ಗಿಟ್ಲಮ್ಮ ನನ್ನತ್ತ ತಿರುಗಿ. ಅವಳಿಗೆ ಎಂಟು ಬೆರಳು ತೋರಿಸಿದರು.

ಅವಳು ಕ್ಷಮೆ ಕೇಳಲಿಲ್ಲ. ನನ್ನ ಸಿಟ್ಟೂ ಇಳಿಯಲಿಲ್ಲ. ಇಷ್ಟು ವರ್ಷ ಒಬ್ಬರಿಗಾದರೂ ಕೇಳಬೇಕೆನಿಸಲಿಲ್ಲವೇ, ಈ ಕಲ್ಲು ಯಾರದೆಂದು?

ಪೊರಕೆಯನ್ನು ಮರಕ್ಕೆ ಒರಗಿಸಿ ಅವಳು ಖಾಲಿ ಬಕೆಟ್ಟಿನೊಂದಿಗೆ ಬಸ್ಸು ನಿಂತಿದ್ದ ಜಾಗಕ್ಕೆ ಹೋದಳು. ನಾವು ಬೆಂಚಿನಲ್ಲಿ ಕೂತೇ ಇದ್ದೆವು. ಎದುರಿಗೆ ಏಳು ಬಿಳಿ ಗೆರೆಗಳು. ಹಿಂದಿನಿಂದ, ಬಕೆಟ್ಟಿನೊಳಕ್ಕೆ ಕಲ್ಲು ಒಂದೊಂದಾಗಿ ಬೀಳುವ ಸದ್ದು ಕತ್ತಲಾಗುವವರೆಗೂ ಕೇಳುತ್ತಿತ್ತು.