ನಾಲ್ಕನೇ ದಿನದ ಸ್ನಾನ

ಹೊರಗಾದರೆ ಮೂರು ದಿನ ವರಾಂಡದ ಮೂಲೆಯಲ್ಲಿ ಕೂರಬೇಕು, ನಾಲ್ಕನೇ ದಿನ ಮಿಂದು ಒಳಗೆ ಬರಬೇಕು. ಅತ್ತೆ ಜಾನಕಮ್ಮ ಕೋಟದಿಂದ ಮದರಾಸಿಗೆ ಬಂದದ್ದೇ ಈ ಕಟ್ಟುಕಟ್ಟಳೆಯನ್ನು ಗಂಟು ಕಟ್ಟಿಕೊಂಡು. ಎಪ್ಪತ್ತೆಂಟರ ಆ ಬೇಸಿಗೆಯಲ್ಲಿ, ತ್ರಿಪ್ಲಿಕೇನಿನ ವಠಾರದ ಮಹಡಿಯ ಮೇಲೆ, ಸೊಸೆ ಸರಸ ನಾಲ್ಕನೇ ದಿನವೂ ಕೂತಲ್ಲಿಂದ ಏಳಲಿಲ್ಲ.

ಸುಮ್ಮಸುಮ್ಮನೆ ಅಲ್ಲ. ಮೂರನೇ ಹೆಣ್ಣು ಹುಟ್ಟುವಾಗ ರಕ್ತ ಹೋಗಿ ಹೋಗಿ ಅವಳು ಉಳಿದದ್ದೇ ಹೆಚ್ಚು. ಇನ್ನೊಂದು ಹೆತ್ತರೆ ಜೀವ ಹೋದೀತು ಎಂದು ಕೀಲ್ಪಾಕಿನ ಆಸ್ಪತ್ರೆಯ ಡಾಕ್ಟರಮ್ಮ ಬಿಡಿಸಿ ಹೇಳಿ, ಆಪರೇಷನ್ನಿನ ಫಾರಂ ಕೊಟ್ಟಿದ್ದರು. ಅದಕ್ಕೆ ಗಂಡನ ಸಹಿ ಬೇಕು. ಗಂಡ ಸುಬ್ರಾಯ ಹೋಟೆಲಿನಲ್ಲಿ ಇನ್ನೂರು ಜನಕ್ಕೆ ಸಾಂಬಾರು ಮಾಡುವ ಗಟ್ಟಿಗ. ತಾಯಿಯ ಎದುರು ಮಾತ್ರ ಬಾಯಿಗೆ ಬೀಗ.

"ಅಮ್ಮ ಗಂಡುಮಗುವಿಗೆ ಹರಕೆ ಹೊತ್ತಿದ್ದಾಳೆ. ಇನ್ನೊಂದು ಸಲ ನೋಡುವ," ಎಂದ.

ನೋಡುವನಂತೆ! ನೋಡುವುದು ಇವನು, ಸಾಯುವುದು ಅವಳು.

"ಸಹಿ ಹಾಕುವವರೆಗೂ ನಾನು ಒಳಗೆ ಬಪ್ಪುದಿಲ್ಲ," ಎಂದಳು ಸರಸ.

ಹೊರಗೆ ಕೂತವಳನ್ನು ಮುಟ್ಟುವ ಹಾಗಿಲ್ಲ. ಗಂಡನಂತೂ ಹತ್ತಿರ ಸುಳಿಯುವ ಹಾಗಿಲ್ಲ. ಅತ್ತೆಯ ಮಡಿಯೇ ಅವಳಿಗೆ ಕಾವಲಾಯಿತು. ಅಡುಗೆ, ಮೂವರು ಹುಡುಗಿಯರ ಜಡೆ, ಬೀದಿಯ ಕೈಪಂಪಿನಿಂದ ಮಹಡಿಗೆ ನೀರು, ಎಲ್ಲವೂ ಜಾನಕಮ್ಮನ ತಲೆಗೆ ಬಿತ್ತು.

ಹತ್ತನೇ ದಿನ ಅವರು ಸೊಂಟ ಹಿಡಿದುಕೊಂಡು ಬಾಗಿಲಿಗೆ ಬಂದರು. "ಹತ್ತು ದಿನ ಹೊರಗೆ ಕೂತದ್ದು ಎಲ್ಲಾದ್ರೂ ಉಂಟಾ? ವಠಾರದವರು ನಗ್ತಾರೆ."

"ನಗ್ಲಿ ಅತ್ತೆ. ನನ್ನ ಹೆಣದ ಮುಂದೆ ಅಳುದಕ್ಕಿಂತ ಅಡ್ಡಿಲ್ಲ."

"ನಾನು ಒಂಬತ್ತು ಹೆತ್ತೆ. ನಂಗೆ ಎಂತ ಆಯ್ತು?"

"ಒಂಬತ್ತರಲ್ಲಿ ಉಳಿದದ್ದು ಎಷ್ಟು?"

ಉಳಿದದ್ದು ಎರಡು. ಜಾನಕಮ್ಮ ಒಳಗೆ ಹೋದರು. ಆ ದಿನ ಅವರು ಊಟಕ್ಕೆ ಕೂರಲಿಲ್ಲ. ಕೇಳಬಾರದ್ದನ್ನು ಕೇಳಿದೆನೆಂದು ಸರಸಳಿಗೆ ಸಂಕಟವಾಯಿತು, ಆದರೂ ಜಾಗ ಬಿಟ್ಟು ಕದಲಲಿಲ್ಲ.

ಮರುದಿನ ಬೆಳಿಗ್ಗೆ ಮಗನ ಕೈಗೆ ಪೆನ್ನು ಕೊಟ್ಟವರು ಜಾನಕಮ್ಮನೇ. "ಹಾಕು. ಹರಕೆ ನಂದು, ದೇವರಿಗೆ ನಾನೇ ಹೇಳ್ಕಂತೆ."

ಸುಬ್ರಾಯ ಸಹಿ ಹಾಕಿ ಫಾರಮನ್ನು ಹೊಸ್ತಿಲಾಚೆ ಇಟ್ಟ. "ಆಯ್ತಲ್ಲ, ಇನ್ನು ಮಿಂದು ಒಳಗೆ ಬಾ."

ಸರಸ ಸಹಿಯನ್ನು ಎರಡೆರಡು ಸಲ ನೋಡಿದಳು. "ಮಿಂದು ಸೀದಾ ಕೀಲ್ಪಾಕಿಗೆ ಹೋತೆ. ಒಳಗೆ ಬಪ್ಪುದು ಆಪರೇಷನ್ ಆದ ಮೇಲೆ."

"ಅಲ್ಲಿವರೆಗೆ ಮಕ್ಕಳನ್ನ ಯಾರು ನೋಡುದು?" ಎಂದ ಸುಬ್ರಾಯ.

"ಅವರ ಅಪ್ಪ," ಎಂದು ಸರಸ ಬಚ್ಚಲಿಗೆ ನಡೆದಳು.